ಪಡಸಾಲೆಯ ಬಿಸಿ ಫ್ರಿಡ್ಜು

ಸೇಡಂನ ನಮ್ಮ ಮನೆಗೆ ಕೆಳಗೂ ಕಲ್ಲು, ಮೇಲೂ ಕಲ್ಲು. ನೆಲಕ್ಕೆ ಹಾಸಿದ್ದೂ ಶಹಾಬಾದಿ ಫರಸಿ, ಮಾಳಿಗೆಗೆ ಹೊದಿಸಿದ್ದೂ ಅದೇ. ಬೇಸಿಗೆಯಲ್ಲಿ ಮಧ್ಯಾಹ್ನ ಮೇಲಿನ ಕಲ್ಲು ಕಾಯುತ್ತಿತ್ತು, ಸಂಜೆ ಆ ಕಾವನ್ನು ನಮ್ಮ ತಲೆಯ ಮೇಲೆ ಇಳಿಸುತ್ತಿತ್ತು. ಮುಂದೆ ಪಡಸಾಲೆ, ಅದರ ಹಿಂದೆ ತೊಗರಿ ಚೀಲ ಪೇರಿಸಿದ ಕತ್ತಲೆ ಕೋಣೆ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲು. ಹೀಗೆ ಒಂದರ ಬೆನ್ನಿಗೊಂದು ರೈಲು ಡಬ್ಬಿಯಂತೆ ನಿಂತ ಮನೆ. ಪಡಸಾಲೆಯ ಬಾಗಿಲಿಗೆ ಹೊಂದಿಕೊಂಡು ಆಯಿಯ ಹೊರಸು ಇತ್ತು. ಆಯಿ ಅಂದರೆ ಅಪ್ಪನ ತಾಯಿ. ಅಲ್ಲಿ ಕೂತರೆ ಓಣಿಯಲ್ಲಿ ಹೋಗುವವರೆಲ್ಲ ಅವಳ ಕಣ್ಣಿಗೆ ಬೀಳುತ್ತಿದ್ದರು, ಅವಳ ಮಾತು ಅವರೆಲ್ಲರ ಕಿವಿಗೆ ಬೀಳುತ್ತಿತ್ತು. ಆಯಿಗೆ ಇದ್ದ ವಸ್ತುವನ್ನು ಇದ್ದಷ್ಟೇ ಹೇಳುವುದು ಅವಮಾನ. ಅಪ್ಪ ದಾಲ್ ಮಿಲ್ಲಿನಲ್ಲಿ ಚೀಲ ಎಣಿಸುವ ಗುಮಾಸ್ತ, ಆಯಿಯ ಬಾಯಲ್ಲಿ ಮ್ಯಾನೇಜರ್. ಊರಾಚೆ ನಮಗಿದ್ದ ಕಲ್ಲುಹೊಲ ಅವಳ ಬಾಯಲ್ಲಿ ವರ್ಷ ವರ್ಷಕ್ಕೂ ಅಗಲವಾಗುತ್ತಿತ್ತು. ಕೇಳುವವರಿಗೂ ಸತ್ಯ ಗೊತ್ತಿತ್ತು. ಅವರೂ ಮನೆಗೆ ಹೋಗಿ ಹೀಗೇ ಹೇಳುವವರೇ. ನಮ್ಮ ಓಣಿ ಬಾಳುತ್ತಿದ್ದದ್ದು ಇಂಥ ಪರಸ್ಪರ ಸಹಕಾರದ ಮೇಲೆ.

ಅವ್ವನ ಜಾಗ ಅಡುಗೆಮನೆ ಮತ್ತು ಹಿತ್ತಲು. ಮೊದಲು ಅಪ್ಪ ಮತ್ತು ಕಾಕಾ ಉಣ್ಣುತ್ತಿದ್ದರು, ಆಮೇಲೆ ಆಯಿ, ಅಪ್ಪನ ತಂಗಿ ಕಮಲಾ ಅತ್ತಿ, ನಾನು. ತಳದಲ್ಲಿ ಉಳಿದ ಬ್ಯಾಳಿ, ಆರಿದ ಜೋಳದ ರೊಟ್ಟಿ ಅವ್ವನಿಗೆ. ಹೊರಗಿನ ಮಂದಿ ಬಂದರೆ ಅವ್ವ ಪಡಸಾಲೆಗೆ ಕಾಲಿಡುವ ಪದ್ಧತಿ ಇರಲಿಲ್ಲ. ಚಹಾದ ತಾಟು ಹೊರಗೆ ಬರುತ್ತಿತ್ತು, ಅದನ್ನು ಹಿಡಿದ ಕೈ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಇದನ್ನು ಮರ್ಯಾದೆ ಎಂದು ಕರೆಯುತ್ತಿದ್ದರು. ಅವ್ವನೂ ಹಾಗೆಯೇ ಕರೆಯುತ್ತಿದ್ದಳು, ಅದಕ್ಕೇ ನನಗೆ ಅವಳ ಮೇಲೂ ಸಿಟ್ಟು. ಆದರೆ ಹಿತ್ತಲಿನ ಕೋಳಿಗಳ ವಿಷಯ ಬೇರೆ. ನಮ್ಮ ಕಡೆ ಕೋಳಿ ಹೆಂಗಸರ ಸ್ವತ್ತು. ಎಮ್ಮೆಯ ಹಾಲಿನ ದುಡ್ಡು ಗಂಡಸರು ಕೇಳುತ್ತಾರೆ, ತತ್ತಿಯ ದುಡ್ಡು ಕೇಳುವುದಿಲ್ಲ. ಕೇಳಿದರೆ ಅವರ ಗಂಡಸುತನಕ್ಕೆ ಕಡಿಮೆ. ಅವ್ವನ ಬಳೆ, ನನ್ನ ಪಾಟಿ ಪುಸ್ತಕ, ತವರಿಗೆ ಹೋಗುವ ಬಸ್ಸಿನ ಟಿಕೀಟು ಎಲ್ಲ ಆ ಕೋಳಿಗಳ ಹೊಟ್ಟೆಯಿಂದಲೇ ಬಂದದ್ದು. ಕಾವು ಕೂಡುವ ಕೋಳಿಗೆ ಅವಳು ಬುಟ್ಟಿಯಲ್ಲಿ ಹೊಟ್ಟು ಹಾಸಿ, ಗುಡುಗಿಗೆ ತತ್ತಿ ಕೆಡಬಾರದೆಂದು ಒಂದು ಕಬ್ಬಿಣದ ತುಂಡು, ಒಂದು ಇದ್ದಿಲು ಇಡುತ್ತಿದ್ದಳು. ಗುಡುಗಿಗೆ ಯಾವ ತತ್ತಿಯೂ ಕೆಡುವುದಿಲ್ಲ. ಇದನ್ನು ನಾನು ಇವತ್ತಿಗೂ ಚಂದಾಪುರದಲ್ಲಿ ತತ್ತಿಗೆ ಕಾವು ಕೊಡುವ ಪೆಟ್ಟಿಗೆ ಮಾರುವ ನನ್ನ ಅಂಗಡಿಯಲ್ಲಿ ದಿನಾ ಯಾರಿಗಾದರೂ ಹೇಳುತ್ತಿರುತ್ತೇನೆ. ಅವರು ತಲೆಯಾಡಿಸಿ, ಮರಿ ಮಾಡಿಸುವ ಪೆಟ್ಟಿಗೆ ಕೊಂಡು, ಮನೆಗೆ ಹೋಗಿ ಅದರೊಳಗೆ ಮೊಳೆ ಇಡುತ್ತಾರೆ. ಆಮೇಲೆ ಆ ಮೊಳೆ ತಂತಿಗೆ ತಾಗಿ ಸುಟ್ಟಿತೆಂದು ಪೆಟ್ಟಿಗೆ ಹೊತ್ತು ಜಗಳಕ್ಕೆ ಬರುತ್ತಾರೆ. ನಾನು ಮೊದಲು ಮೊಳೆ ತೆಗೆದು ಅವರ ಕೈಗೆ ಕೊಡುತ್ತೇನೆ, ಆಮೇಲೆ ರಿಪೇರಿಯ ರೇಟು ಹೇಳುತ್ತೇನೆ.

ನಮ್ಮ ಮನೆಗೆ ಫ್ರಿಡ್ಜು ಬಂದದ್ದು ಮಲ್ಲಣ್ಣ ಕಾಕಾನಿಂದ. ಕಾಕಾ ಅಪ್ಪನ ತಮ್ಮ. ಮೋಟರ್ ಸುತ್ತುವ ಅಂಗಡಿಯಲ್ಲಿ ಕೆಲವು ತಿಂಗಳು ಕೂತು ಎದ್ದುಬಂದವನು, ಅಷ್ಟರಿಂದಲೇ ಜಗತ್ತಿನ ಎಲ್ಲ ಯಂತ್ರಗಳ ಹೊಟ್ಟೆ ತನಗೆ ಗೊತ್ತೆಂದು ತಿಳಿದವನು. ವಾಡಿಯಲ್ಲಿ ಯಾರೋ ವರ್ಗವಾಗಿ ಹೋಗುವಾಗ ಕೆಟ್ಟ ಫ್ರಿಡ್ಜು ಬಿಟ್ಟು ಹೋಗುತ್ತಿದ್ದರಂತೆ. ಇವನು ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಓಣಿಯ ನಟ್ಟನಡುವೆ ಇಳಿಸಿದ. ಪ್ಲಗ್ಗು ಇದ್ದದ್ದು ಪಡಸಾಲೆಯಲ್ಲಿ ಮಾತ್ರ, ಅದಕ್ಕೆ ಅಲ್ಲೇ ನಿಲ್ಲಿಸಿದರು. ಕಾಕಾ ಅದರ ಬೆನ್ನು ಬಿಚ್ಚಿದ, ಮುಚ್ಚಿದ, ಮತ್ತೆ ಬಿಚ್ಚಿದ. ಒಂದು ದಿನ ಅದರೊಳಗಿಂದ ಬುಸ್ಸೆಂದು ಗ್ಯಾಸು ಹೋಯಿತು, ಅದರ ಪ್ರಾಣವೂ ಹೋಯಿತು. ಅಷ್ಟರಲ್ಲಿ ಆಯಿ ಓಣಿಗೆಲ್ಲ ಹೇಳಿಯಾಗಿತ್ತು. ಸಂಜೆಗೆ ಪಕ್ಕದ ಮನೆಯವರು ಡಬ್ಬಿ ಹಿಡಿದು ಬರ್ಫು ಕೇಳಲು ಬಂದರೆ ಆಯಿ ಹೊರಸಿನಿಂದ ಏಳದೆಯೇ ಉತ್ತರ ಕೊಡುತ್ತಿದ್ದಳು.

"ಇವತ್ತ ಕರೆಂಟ್ ಡಿಮ್ ಅದ ಯವ್ವ. ಬರ್ಫ್ ಕಟ್ಟಿಲ್ಲ."

"ನಿನ್ನಿನೂ ಡಿಮ್ ಅಂದ್ರಿ?"

"ನಿನ್ನಿ ತುಪ್ಪ ಇಟ್ಟಿದ್ವಿ. ಜಾಗಾ ಇರ್ಲಿಲ್ಲ."

ಅವರು ಖಾಲಿ ಡಬ್ಬಿ ಹಿಡಿದು ನಗುತ್ತಾ ಹೋಗುತ್ತಿದ್ದರು. ಆಯಿ ಅದನ್ನು ಹೊಟ್ಟೆಕಿಚ್ಚಿನ ನಗು ಎಂದು ತಿಳಿಯುತ್ತಿದ್ದಳು. ಒಂದು ಸುಳ್ಳು ಹೇಳಿದವರಿಗೆ ದಿನಾ ಅದಕ್ಕೆ ನೀರು ಹಾಕುವ ಕೆಲಸ ಬೀಳುತ್ತದೆ. ನಾನು ವ್ಯಾಪಾರದಲ್ಲಿ ಸುಳ್ಳು ಹೇಳದಿರುವುದು ಪುಣ್ಯಕ್ಕಲ್ಲ, ಅಷ್ಟು ಪುರುಸೊತ್ತು ನನಗಿಲ್ಲ.

ಆ ಬೇಸಿಗೆಯಲ್ಲಿ ಓಣಿಗೆ ಕೋಳಿ ಬ್ಯಾನೆ ಬಂತು. ಕತ್ತು ತಿರುಚಿಕೊಂಡು, ಹಸಿರು ಹೇತು, ಒಂದರ ಹಿಂದೊಂದು ಬಿದ್ದವು. ಯಾರ ಹಿತ್ತಲಲ್ಲೂ ಕಾವು ಕೂಡಲು ಒಂದೂ ಕೋಳಿ ಉಳಿಯಲಿಲ್ಲ. ಅವ್ವ ತನ್ನವನ್ನು ಒಂದೊಂದಾಗಿ ಗೋಣಿಚೀಲದಲ್ಲಿ ಸುತ್ತಿ ಹೊಲದಲ್ಲಿ ಹುಗಿದು ಬಂದಳು, ಕೈ ತೊಳೆದು ರೊಟ್ಟಿ ಬಡಿಯಲು ಕೂತಳು. ಅಳಲಿಲ್ಲ. ಬ್ಯಾನೆ ಬರುವ ಮುಂಚೆ ಇಟ್ಟ ತತ್ತಿಗಳು ನೀರಿನ ಕೊಡದ ಅಡಿಯ ತಂಪಿನಲ್ಲಿ, ಬೂದಿ ತುಂಬಿದ ಗಡಿಗೆಯಲ್ಲಿದ್ದವು. ಅವಳ ಪಾಲಿಗೆ ಉಳಿದದ್ದು ಅಷ್ಟೇ. ಅವು ಮರಿಯಾದರೆ ಹಿತ್ತಲು ಉಂಟು, ಇಲ್ಲದಿದ್ದರೆ ಇನ್ನು ಮುಂದೆ ಬಳೆಗೂ ಆಯಿಯ ಮುಂದೆ ಕೈಯೊಡ್ಡಬೇಕು. ತವರಿನಿಂದ ಬೇರೆ ಕೋಳಿ ತರಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ಬ್ಯಾನೆ ಬಿದ್ದ ಹಿತ್ತಲಿಗೆ ತಕ್ಷಣ ದೊಡ್ಡ ಕೋಳಿ ತಂದು ಬಿಡುವವನು ಅದನ್ನೂ ಹುಗಿಯಲು ತಯಾರಿರಬೇಕು. ಅವ್ವನಿಗೆ ಇದು ಗೊತ್ತಿತ್ತು. ಅವಳು ನೇರವಾಗಿ ಕಾಕಾನ ಹತ್ತಿರ ಹೋದಳು.

"ಮಲ್ಲಣ್ಣ, ನಿನ್ನ ಫ್ರಿಡ್ಜ್ ಥಂಡ ಮಾಡಂಗಿಲ್ಲ. ಬಿಸಿ ಮಾಡ್ತದೇನ?"

ಆ ಯೋಚನೆ ಅವ್ವನದು. ಮರುದಿನದ ಹೊತ್ತಿಗೆ ಅದು ಕಾಕಾನದಾಗಿತ್ತು. ನ್ಯಾಯಕ್ಕೆ ಹೇಳುತ್ತೇನೆ, ಕೆಲಸ ಮಾತ್ರ ಅವನು ಚೆನ್ನಾಗಿಯೇ ಮಾಡಿದ. ಕೆಳಗೆ ಎರಡು ಬಲ್ಬು, ಅದರ ಮೇಲೆ ಮಣ್ಣಿನ ಪರಾತದಲ್ಲಿ ನೀರು, ಅದರ ಮೇಲಿನ ಖಾನೆಯಲ್ಲಿ ಹೊಟ್ಟು ಹಾಸಿ ತತ್ತಿ. ಬಾಗಿಲಿಗೆ ಒಂದು ತೂತು ಕೊರೆದು ಗಾಜಿನ ತುಂಡು ಅಂಟಿಸಿದ, ಒಳಗಿನ ಥರ್ಮಾಮೀಟರು ಹೊರಗಿನಿಂದಲೇ ಕಾಣುವಂತೆ. ಆಯಿ ಆ ಗಾಜಿನ ಮೇಲೆ ದೇವರ ಚಿತ್ರದ ಕ್ಯಾಲೆಂಡರ್ ನೇತುಹಾಕಿದಳು. ಎಲ್ಲ ಕಡೆ ಮಂದಿ ಕಾವು ಹೆಚ್ಚಿಸಲು ಒದ್ದಾಡುತ್ತಾರೆ, ನಮ್ಮ ಸೀಮೆಯಲ್ಲಿ ಇಳಿಸಲು ಒದ್ದಾಡಬೇಕು. ಮಧ್ಯಾಹ್ನ ಮಾಳಿಗೆಯ ಕಲ್ಲು ಕಾದು ಪಡಸಾಲೆಯೇ ಒಲೆಯಾದಾಗ ಬಲ್ಬು ಆರಿಸಿ, ಫ್ರಿಡ್ಜಿನ ತಲೆಯ ಮೇಲೆ ಹಸಿ ಗೋಣಿ ಹೊದಿಸುತ್ತಿದ್ದೆವು. ಮೊಬೈಲಿನಲ್ಲಿ ಯಾವುದೋ ತಂಪು ದೇಶದ ವಿಡಿಯೋ ನೋಡಿ ಬಂದವರಿಗೆ ನಾನು ಇದನ್ನು ಹೇಳಿದರೆ, ನನ್ನನ್ನೇ ಹುಚ್ಚಿ ಎಂಬಂತೆ ನೋಡುತ್ತಾರೆ. ಮೇ ತಿಂಗಳಲ್ಲಿ ತತ್ತಿ ಬೇಯಿಸಿಕೊಂಡು ಬಂದು, ತತ್ತಿಯ ತಳಿಯೇ ಸರಿ ಇರಲಿಲ್ಲ ಎನ್ನುತ್ತಾರೆ.

ತತ್ತಿ ತಿರುವುವ ಕೆಲಸ ನನ್ನದು. ಒಂದು ಮಗ್ಗುಲಿಗೆ ಇದ್ದಿಲಿನ ಗೀಟು ಎಳೆದಿದ್ದೆವು, ಒಮ್ಮೆ ಗೀಟು ಮೇಲೆ, ಒಮ್ಮೆ ಕೆಳಗೆ. ಕೈ ತೊಳೆಯದೆ ಮುಟ್ಟಿದರೆ ಅವ್ವ ಮಣಿಕಟ್ಟಿಗೆ ಹೊಡೆಯುತ್ತಿದ್ದಳು. ಕರೆಂಟು ಹೋದರೆ ಬಿಸಿನೀರು ತುಂಬಿದ ಬಾಟಲಿ ಒಳಗಿಡುತ್ತಿದ್ದೆವು. ಒಂದು ವಾರ ಕಳೆದ ಮೇಲೆ ಕತ್ತಲೆ ಕೋಣೆಯಲ್ಲಿ ಬ್ಯಾಟರಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಕೆಂಪು ದಾರದಂತೆ ನರ ಹರಡಿತ್ತು. ಬಹುಪಾಲು ತತ್ತಿಗಳಲ್ಲಿ ಜೀವ ಹಿಡಿದಿತ್ತು. ಅವ್ವ ಆಗ ನನ್ನ ತಲೆಯ ಮೇಲೆ ಕೈಯಿಟ್ಟಳು. ಕಾಕಾ ಮಾತ್ರ ಗೆಳೆಯರನ್ನು ಕರೆತಂದು, ಬಾಗಿಲು ತೆರೆದು ತೋರಿಸಿ, ಭಾಷಣ ಮಾಡುತ್ತಿದ್ದ. ಬಿಸಿಲಿನಲ್ಲಿ ಬಂದ ಇನ್ನುಳಿದವರು ಕರೆಯದೆಯೇ ತಣ್ಣೀರಿಗೆಂದು ಬಾಗಿಲು ಎಳೆದು, ಮುಖಕ್ಕೆ ಬಿಸಿ ಉಗಿ ಹೊಡೆದಾಗ ಹೌಹಾರಿ ಹಿಂದೆ ಸರಿಯುತ್ತಿದ್ದರು. ಆಯಿ ಅವರಿಗೆ ಫ್ರಿಡ್ಜು ಸರ್ವಿಸಿಗೆ ಬಂದಿದೆ ಎನ್ನುತ್ತಿದ್ದಳು. ಮೊದಮೊದಲು ಇದರಿಂದ ಅಷ್ಟು ನಷ್ಟವಿಲ್ಲ. ಕೊನೆಯ ಎರಡು ಮೂರು ದಿನ ಮಾತ್ರ ಬಾಗಿಲು ತೆರೆಯಲೇಬಾರದು. ಮರಿ ಚಿಪ್ಪು ಒಡೆಯುವಾಗ ಒಳಗೆ ಹಸಿ ಇರಬೇಕು, ಒಣಗಾಳಿ ನುಗ್ಗಿದರೆ ಪೊರೆ ತೊಗಲಿನಂತೆ ಬಿಗಿದು ಮರಿ ಅದರಲ್ಲೇ ಅಂಟಿ ಸಾಯುತ್ತದೆ. ಅವ್ವ ಇದನ್ನು ಕೋಳಿಯಿಂದಲೇ ಕಲಿತಿದ್ದಳು. ಮರಿ ಒಡೆಯುವ ದಿನ ಕೋಳಿ ಬುಟ್ಟಿ ಬಿಟ್ಟು ಕದಲುವುದಿಲ್ಲ, ಕಾಳು ಹಾಕಿದರೂ ಏಳುವುದಿಲ್ಲ.

ಅಂಥ ದಿನಕ್ಕೇ ಸರಿಯಾಗಿ ಆಯಿ ಗಂಡಿನ ಕಡೆಯವರನ್ನು ಕರೆದಿದ್ದಳು. ಕಮಲಾ ಅತ್ತಿ ಅಪ್ಪನ ಕೊನೆಯ ತಂಗಿ, ಸಾಧು ಹುಡುಗಿ, ಹೊಲಿಗೆ ಬರುತ್ತಿತ್ತು. ಶಹಾಬಾದಿನ ಕಲ್ಲು ವ್ಯಾಪಾರದ ಮನೆಯವರು ನೋಡಲು ಬರುತ್ತಿದ್ದರು. ಸಂಬಂಧ ತಂದ ನಡುವಿನವನ ಕೈಯಲ್ಲಿ ಆಯಿ ಹೇಳಿ ಕಳಿಸಿದ್ದರಲ್ಲಿ ಮೊದಲನೆಯದೇ ಫ್ರಿಡ್ಜು. ಹಿಂದಿನ ದಿನ ಮುಂಜಾನೆ ಚಹಾ ಕುಡಿಯುತ್ತಾ ಆಯಿ ಸುದ್ದಿ ಹೊರಹಾಕಿದಳು.

"ನಾಳಿಗಿ ಒಂದಿನ ಆ ತತ್ತಿ ತೆಗದು ಬುಟ್ಟ್ಯಾಗ ಇಡ್ರಿ. ಖಾನ್ಯಾಗ ಬಾಟ್ಲಿ ಜೋಡಸ್ರಿ. ಮಂದಿ ಬಾಗಿಲಾ ತೆಗದ್ರ ಛಲೋ ಕಾಣಬೇಕು."

"ನಾಳಿಗಿ ಒಡಿಯೂ ದಿನ," ಎಂದಳು ಅವ್ವ. "ತೆಗಿಲಿಕ್ಕಿ ಆಗಂಗಿಲ್ಲ."

"ಒಂದಿನಕ್ಕ ಸತ್ತು ಹೋಗ್ತಾವೇನ?"

"ಹೌದು. ಸತ್ತು ಹೋಗ್ತಾವ."

ಆಯಿಗೆ ಸೊಸೆಯಿಂದ ಇಷ್ಟು ಚಿಕ್ಕ ಉತ್ತರ ಕೇಳಿ ರೂಢಿಯಿರಲಿಲ್ಲ. ಅವಳು ಕಾಕಾನ ಕಡೆ ತಿರುಗಿದಳು. ಮೂರು ವಾರ ತಾನೇ ಬ್ರಹ್ಮನೆಂಬಂತೆ ಮೆರೆದವನು, ಒಂದು ಗುಟುಕು ಚಹಾದಷ್ಟು ಹೊತ್ತೂ ಯೋಚಿಸದೆ ಅವ್ವನ ಕಡೆ ತಿರುಗಿ, "ಯಾಕ್ ವೈನಿ, ಬುಟ್ಟ್ಯಾಗ ಬಟ್ಟಿ ಸುತ್ತಿ ಇಟ್ರ ಏನಾಗಂಗಿಲ್ಲ ತಗೋ," ಎಂದ. ಅಪ್ಪ, "ನೀವ ನೀವ ನೋಡ್ಕೋರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಮಿಲ್ಲಿಗೆ ನಡೆದ. ಅಪ್ಪನ ಜೀವನದ ದೊಡ್ಡ ದೊಡ್ಡ ತೀರ್ಮಾನಗಳೆಲ್ಲ ಆ ಚಪ್ಪಲಿಗಳದ್ದೇ. ಆಯಿ ಅತ್ತಳು. ಒಂದು ಹಿಡಿ ತತ್ತಿಗೆ ನನ್ನ ಮಗಳ ಬಾಳು ಕೆಡಿಸುತ್ತಾಳೆ ಎಂದು ಓಣಿಗೆ ಕೇಳುವಂತೆ ಒದರಿದಳು. ಅವ್ವ ಅಡುಗೆಮನೆಯಿಂದ ಒಂದೇ ಮಾತು ಹೇಳಿದಳು.

"ತಣ್ಣೀರು ಬೇಕು ಅಷ್ಟೇ ಹೌದಲ್ಲ? ತಣ್ಣೀರು ಕುಡಸ್ತೀನಿ. ಬಾಗಿಲಾ ತೆಗ್ಯಾದು ಬ್ಯಾಡ."

ಹೀಗೆ ಒಪ್ಪಂದವಾಯಿತು. ಕಾಕಾ ಬರ್ಫಿನ ಅಂಗಡಿಯಿಂದ ಒಂದು ದೊಡ್ಡ ಗಡ್ಡೆಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಮುಚ್ಚಿ ಹಿತ್ತಲ ಬಾಗಿಲಿನಿಂದ ತಂದ. ಆಯಿ ಫ್ರಿಡ್ಜಿನ ತಲೆಗೆ ಕಸೂತಿಯ ಬಟ್ಟೆ ಹೊದಿಸಿ ಪ್ಲಾಸ್ಟಿಕ್ ಹೂವಿಟ್ಟಳು.

ಮರುದಿನ ನಾಲ್ಕು ಮಂದಿ ಬಂದರು. ಮಾತಾಡಿದವರು ಇಬ್ಬರು, ಹುಡುಗನ ತಾಯಿ ಮತ್ತು ಅವನ ಸೋದರಮಾವ. ಸೋದರಮಾವ ದೊಡ್ಡ ಹೊಟ್ಟೆಯ, ಬಿಳಿ ಅಂಗಿಯ ಮನುಷ್ಯ. ಇನ್ನೊಬ್ಬರ ಮನೆಯಲ್ಲಿ ಕೂತರೂ ಗೋಡೆ, ಬಾಗಿಲು, ತೊಲೆಗಳ ಬೆಲೆ ಕಟ್ಟುವ ಕಣ್ಣು. ನನಗೆ ಅಂಥವರು ಗೊತ್ತು, ಈಗ ನಾನೂ ಅದೇ ಕಣ್ಣಿನಿಂದ ಬದುಕುತ್ತೇನೆ. ಆದರೆ ಅದನ್ನು ಅಷ್ಟು ಬಿಚ್ಚಿ ತೋರಿಸುವುದು ದಡ್ಡತನ. ತಣ್ಣೀರು ಬಂತು. ಸೋದರಮಾವ ಕುಡಿದು ತಂಬಿಗೆ ಕೆಳಗಿಟ್ಟ.

"ಆಹಾ, ಹಲ್ಲು ಜುಂ ಅಂದ್ವು ನೋಡ್ರಿ! ಫ್ರಿಡ್ಜ್ ಅಂದ್ರ ಫ್ರಿಡ್ಜ್."

"ಅದಿಲ್ದ ನಮಗ ನಡಿಯಂಗೇ ಇಲ್ರಿ," ಎಂದಳು ಆಯಿ. "ಮನಿ ಮಂದಿಗೆಲ್ಲ ಚಟಾ ಬಿದ್ದದ."

"ಹಂಗಾದ್ರ ಹುಡುಗಿಗೂ ಬಿದ್ದಿರ್ತದ. ನಮ್ಮ ಮನ್ಯಾಗ ಫ್ರಿಡ್ಜ್ ಇಲ್ಲ ನೋಡ್ರಿ. ಬಿಸಿಲಿಗಿ ಪಾಪ ಆಕಿ ಹ್ಯಾಂಗ ಇರ್ತಾಳ? ಆಕಿ ಸಂಗಡ ಇಂಥಾದೇ ಒಂದು ಕಳಿಸಿಬಿಡ್ರಿ. ನಿಮಗೇನ ದೊಡ್ಡ ಮಾತು!"

ಆಯಿಯ ಮುಖ ಅಂದು ನೋಡಬೇಕಿತ್ತು. ಇಲ್ಲ ಎಂದರೆ ಇಷ್ಟು ದಿನದ ದೊಡ್ಡಸ್ತಿಕೆ ಹೋಯಿತು, ಹೂಂ ಎಂದರೆ ಹೊಲ ಮಾರಬೇಕು. ಚೌಕಾಸಿಗೆ ಕೂತಾಗ ಇಲ್ಲದ್ದನ್ನು ಇದೆ ಎಂದವನು ಅದನ್ನು ಕೊಡಲು ಅರ್ಧ ಒಪ್ಪಿದ ಹಾಗೆಯೇ. ಇದನ್ನು ನಾನು ಅಂದು ಆಯಿಯ ಮುಖದಿಂದ ಕಲಿತೆ, ಯಾರಿಗೂ ಬಿಟ್ಟಿ ಹೇಳಿಕೊಡುವುದಿಲ್ಲ. ಆಯಿಯ ಬಾಯಲ್ಲಿ, "ನೋಡೂಣ್ರಿ, ಅದಕ್ಕೇನಂತ," ಎಂಬ ಮಾತು ಹೊರಟಿತ್ತು. ಸೋದರಮಾವ ಅದನ್ನೇ ಒಪ್ಪಿಗೆ ಎಂದು ಹಿಡಿದು, ಮೊಣಕಾಲಿಗೆ ಕೈಯೂರಿ ಎದ್ದ.

"ಒಳಗ ಎಷ್ಟು ಖಾನಿ ಅದಾವ ನೋಡ್ತೀನಿ. ಅದೇ ಸೈಜಿಂದು ಇರ್ಲಿ."

ಅವ್ವ ಅವಲಕ್ಕಿ ಚೂಡಾದ ತಾಟು ಹಿಡಿದು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಬಂದಳು. ತಾಟನ್ನು ನೆಲದ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡು ಫ್ರಿಡ್ಜಿನ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಮಡಚಿ, ಆ ನಾಲ್ಕು ಮಂದಿಯ ಎದುರು ನೆಲಕ್ಕೆ ಕೂತುಬಿಟ್ಟಳು. ಸೋದರಮಾವನ ಕೈ ಹಿಡಿಕೆಯ ಹತ್ತಿರ ಗಾಳಿಯಲ್ಲಿ ನಿಂತಿತು.

"ತಂಗಿ, ಜರಾ ಸರಿ."

"ಸರಿಯಾಂಗಿಲ್ರಿ ಅಣ್ಣಾರ."

"ಏ ಹುಚ್ಚಿ!" ಆಯಿ ಹಲ್ಲು ಕಚ್ಚಿದಳು. "ಮಂದಿ ಮುಂದ ಹಿಂಗ ಕುಂದ್ರತಾರೇನ? ಏಳ ಮ್ಯಾಲ!"

ಆಗ ಅವ್ವನ ಬೆನ್ನಿನ ಹಿಂದಿನಿಂದ, ದೇವರ ಕ್ಯಾಲೆಂಡರಿನ ಆಚೆಯಿಂದ, ಚಿಂವ್ ಎಂದು ಒಂದು ಸಣ್ಣ ಸಪ್ಪಳ ಬಂತು. ಆಮೇಲೆ ಇನ್ನೊಂದು. ಆಮೇಲೆ ಎರಡೂ ಒಟ್ಟಿಗೆ. ಹುಡುಗನ ತಾಯಿ ಕತ್ತು ಮುಂದೆ ಚಾಚಿದಳು.

"ಇದೇನ್ರಿ, ನಿಮ್ಮ ಫ್ರಿಡ್ಜ್‌ನಾಗ ಏನೋ ಒದರಲಿಕತ್ತದಲ್ಲ?"

"ಗ್ಯಾಸ್ ರಿ ಅದು," ಎಂದ ಕಾಕಾ. "ಗ್ಯಾಸ್ ಹತ್ತೂಮುಂದ ಹಂಗ ಸಪ್ಪಳ ಆಗ್ತದ."

ಆ ಮನುಷ್ಯ ತಾನೇ ಕೈಯಾರೆ ಮಾಡಿದ ಯಂತ್ರದಲ್ಲಿ ತಾನೇ ಕಾವು ಕೊಟ್ಟ ಜೀವ ಮೊದಲ ಸಲ ಕೂಗಿದಾಗ ಅದನ್ನು ಗ್ಯಾಸ್ ಎಂದ. ನಾನು ಆಮೇಲೆ ಅವನನ್ನು ಎಷ್ಟೋ ವಿಷಯಕ್ಕೆ ಕ್ಷಮಿಸಿದ್ದೇನೆ, ಇದಕ್ಕಲ್ಲ.

"ಗ್ಯಾಸ್ ಅಲ್ರಿ, ಕೋಳಿ ಮರಿ," ಎಂದಳು ಅವ್ವ. ಹೊಸಬರ ಎದುರು ಅವಳು ಇಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು. "ಇದು ಕೆಟ್ಟ ಫ್ರಿಡ್ಜ್. ಒಳಗ ಬಲ್ಪ್ ಹಾಕಿ ತತ್ತಿಗಿ ಕಾವು ಕೊಟ್ಟೀವಿ. ಇವತ್ತ ಒಡಿಲಿಕತ್ತಾವ. ಈಗ ಬಾಗಿಲಾ ತೆಗದ್ರ ಒಣಾ ಗಾಳಿ ಹೊಕ್ಕು ಮರಿ ಚಿಪ್ಪಿಗಿ ಅಂಟಿ ಸಾಯ್ತಾವ. ಬ್ಯಾನಿಗಿ ನನ್ನ ಕೋಳಿ ಎಲ್ಲಾ ಹೋಗ್ಯಾವ. ಇಷ್ಟೇ ಉಳದಾವ. ನೀವು ಕುಡದ ನೀರು ಬರ್ಫಿನ ಅಂಗಡಿದು. ಫ್ರಿಡ್ಜ್ ನಮಗೂ ಇಲ್ಲ, ಹುಡುಗಿ ಸಂಗಡ ಕೊಡ್ಲಿಕ್ಕೂ ಇಲ್ಲ."

"ಅಂದ್ರ ಸುಳ್ಳು ಹೇಳಿ ಕರಸೀರಿ?"

"ಹುಡುಗಿ ಸುಳ್ಳಲ್ರಿ. ಒಳಗ ಕುಂತಾಳ. ನೋಡ್ರಿ."

ಅವರು ನೋಡಲಿಲ್ಲ. ಸೋದರಮಾವ ಚಪ್ಪಲಿಯಲ್ಲಿ ಕಾಲು ತೂರಿಸುತ್ತಾ, ಫ್ರಿಡ್ಜಿನಲ್ಲೇ ಇಷ್ಟು ಸುಳ್ಳಿದ್ದರೆ ಹುಡುಗಿಯಲ್ಲಿ ಇನ್ನೆಷ್ಟೋ ಎಂದು ಹೊರಗಿನವರಿಗೆ ಕೇಳುವಂತೆ ಅಂದ. ಪುಕ್ಕಟೆ ಫ್ರಿಡ್ಜು ತಪ್ಪಿದ ದುಃಖ ಅವನಿಗೆ. ಅದನ್ನು ಅವನು ಸತ್ಯದ ಮೇಲಿನ ಪ್ರೀತಿ ಎಂದು ತಿಳಿದಿದ್ದ. ಅವರು ಹೋದ ಮೇಲೆ ಆಯಿ ಹೊರಸಿನ ಮೇಲೆ ಬಿದ್ದು ಎದೆ ಬಡಿದುಕೊಂಡಳು. ಕಾಕಾ ಯಾವುದೋ ಕೆಲಸ ನೆನಪಾಗಿ ಹೊರಗೆ ಹೋದ. ಅವ್ವ ಕೂತಲ್ಲೇ ಕೂತಿದ್ದಳು. ಮರಿಗಳಿಗಾಗಿ ತಾನು ತೆತ್ತ ಬೆಲೆ ತನ್ನದಲ್ಲ, ನಾದಿನಿಯದು ಎಂದು ಅವಳಿಗೆ ಆಗ ಹೊಳೆದಿರಬೇಕು. ಕಮಲಾ ಅತ್ತಿ ರೇಷ್ಮೆ ಸೀರೆಯಲ್ಲಿ, ತಲೆ ತುಂಬ ಹೂ ಮುಡಿದುಕೊಂಡು ಒಳಗಿನಿಂದ ಬಂದಳು. ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು. ಅವಳು ಆಯಿಯ ಕಡೆ ಹೋಗಲಿಲ್ಲ. ಅವ್ವನ ಎದುರು ಬಂದು ನಿಂತಳು. ನಾನು ಅವಳು ಹೊಡೆಯುತ್ತಾಳೆಂದೇ ತಿಳಿದೆ.

"ವೈನಿ, ಮುಂಜಾನಿಯಿಂದ ಉಂಡಿಲ್ಲ ನೀ," ಎಂದಳು. "ಏಳ, ಹೋಗಿ ಎರಡು ತುತ್ತು ಉಣ್ಣು. ಅಲ್ಲೀತನಾ ನಾ ಕುಂದ್ರತೀನಿ."

ಅವ್ವ ಎದ್ದಳು. ಅತ್ತಿ ರೇಷ್ಮೆ ಸೀರೆಯ ನೆರಿಗೆ ಮಡಚಿಕೊಂಡು ಅದೇ ಜಾಗದಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು, ಗಂಡಿನ ಕಡೆಯವರು ಮುಟ್ಟದ ಚೂಡಾವನ್ನು ತಾಟಿನಿಂದ ಹಿಡಿ ಹಿಡಿಯಾಗಿ ತಿಂದಳು. ನನಗೂ ಕೊಟ್ಟಳು. ಹೊತ್ತು ಮುಳುಗುವ ತನಕ ಆ ಇಬ್ಬರೂ ಪಾಳಿಯ ಮೇಲೆ ಕೂತರು. ಒಳಗಿನ ಕೂಗು ಹೆಚ್ಚುತ್ತಾ ಹೋಯಿತು. ಮರುದಿನ ಮರಿಗಳ ಮೈ ಒಣಗಿದ ಮೇಲೆ ಅವ್ವ ಬಾಗಿಲು ತೆರೆದಳು. ಎಲ್ಲವೂ ಬದುಕಲಿಲ್ಲ. ಕೆಲವು ಚಿಪ್ಪಿಗೆ ತೂತು ಮಾಡಿ ಅಲ್ಲಿಗೇ ನಿಂತಿದ್ದವು. ಕೈಹಾಕಿ ಬಿಡಿಸಬೇಡ ಎಂದು ಅವ್ವ ನನಗೆ ಹೇಳಿದಳು, ನಾನು ಈಗ ಕೊಳ್ಳುವವರಿಗೆಲ್ಲ ಅದನ್ನೇ ಹೇಳುತ್ತೇನೆ. ತಾನಾಗಿ ಹೊರಬರದ ಮರಿಯನ್ನು ಎಳೆದು ತೆಗೆಯುವವರದು ಕರುಣೆಯಲ್ಲ, ಚಪಲ. ಉಳಿದವು ಹಳದಿ, ಕರಿ, ಕಂದು ಉಂಡೆಗಳಾಗಿ ಒಂದರ ಮೇಲೊಂದು ಹತ್ತುತ್ತಿದ್ದವು. ಹಿತ್ತಲು ಮತ್ತೆ ಶುರುವಾಗಲು ಅಷ್ಟು ಸಾಕಾಗಿತ್ತು. ಸಂಜೆಗೆ ಕಾಕಾ ಓಣಿಯವರನ್ನು ಕರೆತಂದು, "ನಮ್ಮ ಮಶೀನ್," ಎಂದು ತೋರಿಸುತ್ತಿದ್ದ.

ಮಳೆಗಾಲ ಕಳೆದು ಚಳಿ ಬೀಳುವವರೆಗೂ ಆಯಿ ಅವ್ವನ ಜೊತೆ ನೇರ ಮಾತಾಡಲಿಲ್ಲ. ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಿದ್ದಳು. ಅಷ್ಟರಲ್ಲಿ ಆ ಮರಿಗಳು ಕೋಳಿಗಳಾಗಿ ತತ್ತಿಯಿಡತೊಡಗಿದ್ದವು, ಚಿತ್ತಾಪುರದಿಂದ ಕಮಲಾ ಅತ್ತಿಗೆ ಇನ್ನೊಂದು ಸಂಬಂಧ ಬಂದಿತ್ತು. ಬರುವವರಿಗೆ ತತ್ತಿ ಸಾರು ಮಾಡಬೇಕೆಂದು ಆಯಿಯ ಆಸೆ. ಪೇಟೆಯಿಂದ ತರಬಹುದಿತ್ತು, ಆದರೆ ಮನೆಯ ತತ್ತಿ ಎಂದು ಹೇಳಿಕೊಳ್ಳುವ ಹಾಗಿರಲಿಲ್ಲವಲ್ಲ. ಅದಕ್ಕೆ ಅವಳೇ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳು. ಅವ್ವ ತನ್ನ ಗಡಿಗೆಯಿಂದ ತತ್ತಿಗಳನ್ನು ತೆಗೆದು ಆ ಬುಟ್ಟಿಗೆ ತುಂಬಿದಳು, ತುಂಬಿ ಅದನ್ನು ಕೊಡದೆ ತನ್ನ ಮಡಿಲಲ್ಲೇ ಇಟ್ಟುಕೊಂಡಳು.

"ಆ ಮಂದಿಗಿ ಏನೇನ ಹೇಳೀರಿ? ನನಗ ಮೊದಲ ಹೇಳ್ರಿ."

"ಏನ್ ಹೇಳ್ತಾರ? ಇದ್ದದ್ದು ಹೇಳೀನಿ."

ಅವ್ವ ಬುಟ್ಟಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಕೋಳಿಗಳು ಆಯಿಯ ಕಾಲಿನ ಸುತ್ತ ಕೆದರುತ್ತಿದ್ದವು. ಆಯಿ ಸೀರೆ ಮೇಲೆತ್ತಿ ಹಿಡಿದುಕೊಂಡಳು.

"ಹೊಲ ಜರಾ ಜಾಸ್ತಿ ಹೇಳೀನಿ."

ಅವ್ವ ಬುಟ್ಟಿಯಿಂದ ಒಂದು ತತ್ತಿ ತೆಗೆದು ಗಡಿಗೆಗೆ ಹಾಕಿದಳು.

"ಇದೇನ್ ಮಾಡ್ಲಿಕತ್ತೀ?"

"ಮತ್ತ?"

"ಕಮಲಾ ಹತ್ತನೇತ್ತಾ ಪಾಸ್ ಅಂದೀನಿ."

ಇನ್ನೊಂದು ಗಡಿಗೆಗೆ ಹೋಯಿತು.

"ಮತ್ತ?"

"ಮಲ್ಲಣ್ಣ ಇಂಜಿನೇರ್."

ಅವ್ವ ಈ ಸಲ ಎರಡು ತೆಗೆದಳು. ಬೇಲಿಯ ಹತ್ತಿರ ಬಟ್ಟೆ ಒಣಹಾಕುತ್ತಿದ್ದ ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡು ಆ ಕಡೆ ತಿರುಗಿದಳು. ಆಯಿ ಬುಟ್ಟಿಯ ಕಡೆ ನೋಡಿದಳು, ಗಡಿಗೆಯ ಕಡೆ ನೋಡಿದಳು. ಇನ್ನೂ ಏನೋ ಇತ್ತು, ಹೇಳಿದರೆ ಸಾರಿಗೆ ತತ್ತಿ ಉಳಿಯುವುದಿಲ್ಲ ಎಂದು ಅವಳಿಗೆ ಅರ್ಥವಾಗಿತ್ತು.

"ಇವತ್ತ ಮಲ್ಲಣ್ಣನ್ನ ಚಿತ್ತಾಪುರಕ್ಕ ಕಳಸ್ರಿ," ಎಂದಳು ಅವ್ವ. "ಎಲ್ಲಾ ಇದ್ದಷ್ಟೇ ಹೇಳಿ ಬರ್ಲಿ. ಆಮ್ಯಾಲೂ ಬರ್ತೀವಿ ಅಂದ್ರ ಬರ್ಲಿ."

ಕಾಕಾ ಮುಖ ಗಂಟು ಹಾಕಿಕೊಂಡು, ತಾನು ಇಂಜಿನಿಯರ್ ಅಲ್ಲವೆಂದು ಹೇಳಲು ಬಸ್ಸು ಹತ್ತಿದ. ಗಡಿಗೆಗೆ ಹೋದ ತತ್ತಿಗಳನ್ನು ಅವ್ವ ಹಿಂತಿರುಗಿಸಲಿಲ್ಲ, ಹಿಡಿದ ಪಟ್ಟು ಒಮ್ಮೆ ಸಡಿಲಿಸಿದರೆ ಮತ್ತೆ ಸಿಗುವುದಿಲ್ಲವೆಂದು ಆ ಹೊತ್ತಿಗೆ ಅವಳಿಗೂ ತಿಳಿದಿತ್ತು. ಚಿತ್ತಾಪುರದವರು ಬಂದರು. ಹುಡುಗಿಯನ್ನು ನೋಡಿದರು, ಅವಳು ಹೊಲಿದ ಅಂಗಿ ತಿರುವಿ ನೋಡಿದರು, ಉಣ್ಣಲು ಕೂತರು. ಸಾರಿಗೆ ತತ್ತಿ ಸಾಲದೆ ದಾರದಿಂದ ಅರ್ಧರ್ಧ ಸೀಳಿ ಹಾಕಿದ್ದೆವು. ಹುಡುಗನ ತಂದೆ, ಸಣಕಲು ಮನುಷ್ಯ, ತನ್ನ ತಾಟಿನ ಅರ್ಧ ತತ್ತಿಯನ್ನು ಬೆರಳಿನಿಂದ ಮಗುಚಿ ನೋಡಿದ.

"ಮನ್ಯಾಗ ಇಷ್ಟು ಕೋಳಿ ಅದಾವ, ತತ್ತಿ ಯಾಕ್ರೀ ಅರ್ಧರ್ಧ?"

ಆಯಿಯ ಬಾಯಿ ತೆರೆಯಿತು. ಅದರಲ್ಲಿ ಒಂದು ಉತ್ತರ ತಯಾರಾಗುತ್ತಿತ್ತು, ಅದು ನನಗೆ ಕಾಣುತ್ತಿತ್ತು. ಅವಳು ಅದನ್ನು ನುಂಗಿಕೊಂಡಳು. ಅಡುಗೆಮನೆಯ ಕಡೆ ಕೈ ಮಾಡಿದಳು.

"ಆ ವ್ಯವಹಾರ ನಮ್ಮ ಸೊಸಿದು ರಿ. ಆಕಿನ್ನೇ ಕೇಳ್ರಿ."

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಪಡಸಾಲೆಗೆ ಬಂದಳು.